ಟೇಪ್ ಲೈಬ್ರರಿ ಕೈಕೊಟ್ಟಾಗ: ಮಲೆನಾಡಿನ ಸರ್ವರ್ ಕೋಣೆಗೊಂದು ದೋಷ ನಿವಾರಣೆ ಕೈಪಿಡಿ

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಫೋನು ಬಂತು. "ಸಾರ್, ಟೇಪಿನ ಮಿಷಿನ್ನು ಮತ್ತೆ ಹಳದಿ ದೀಪ ಹಾಕ್ಕೊಂಡು ಕೂತಿದೆ. ಇನ್ನೆರಡು ಟೇಪು ಹಾಳಾಗಿದಾವೆ ಅಂತ ತೋರಿಸ್ತಿದೆ. ಹೊಸದು ತರಿಸದಾ?"

ತೀರ್ಥಹಳ್ಳಿ ಕಡೆಯ ಒಂದು ಸಹಕಾರ ಸಂಘ ಅದು. ಸದಸ್ಯರ ಸಾಲದ ಖಾತೆ, ಅಡಿಕೆ ತೂಕದ ಚೀಟಿ, ರಾಶಿ-ಬೆಟ್ಟೆ-ಸರಕು-ಗೊರಬಲು ಎಂದು ವಿಂಗಡಿಸಿದ ದಾಸ್ತಾನಿನ ಲೆಕ್ಕ, ಪಹಣಿಗಳ ಸ್ಕ್ಯಾನ್ ಪ್ರತಿ, ಎಲ್ಲದರ ಬ್ಯಾಕಪ್ಪೂ 24 ಸ್ಲಾಟಿನ ಒಂದು ಟೇಪ್ ಲೈಬ್ರರಿಗೆ, ಅಂದರೆ ಟೇಪುಗಳನ್ನು ಗೂಡುಗಳಲ್ಲಿಟ್ಟು ಬೇಕಾದಾಗ ತಾನೇ ತೆಗೆದು ಹಾಕುವ ಯಂತ್ರಕ್ಕೆ, ಹೋಗುತ್ತದೆ. ಒಳಗೆ ಟೇಪನ್ನು ಓದಿ ಬರೆಯುವ ಎರಡು ಎಲ್‌ಟಿಒ-7 ಡ್ರೈವ್ (ಎಲ್‌ಟಿಒ ಎಂದರೆ ಬ್ಯಾಕಪ್ ಟೇಪಿನ ಒಂದು ಮಾದರಿ, 7 ಅದರ ಪೀಳಿಗೆ). ಆ ಮಳೆಗಾಲದಲ್ಲಿ ನನಗೆ ಬಂದ ನಾಲ್ಕನೇ ಸೋಮವಾರದ ಫೋನು ಅದು. ಅಷ್ಟರಲ್ಲಾಗಲೇ ಏಳು ಟೇಪನ್ನು 'ಹಾಳು' ಎಂದು ಬದಿಗಿಟ್ಟು, ಒಂದು ಡ್ರೈವನ್ನೂ ಬದಲಿಸಿ ಆಗಿತ್ತು. ಕೊನೆಗೆ ನೋಡಿದರೆ ಡ್ರೈವ್ ಸರಿಯಿತ್ತು, ಏಳರಲ್ಲಿ ಆರು ಟೇಪೂ ಸರಿಯಿದ್ದವು.

ದೋಷ ಎಲ್ಲಿದೆ ಎಂದು ಗೊತ್ತಾಗುವ ಮೊದಲು ಯಾವುದನ್ನೂ ಬದಲಿಸಬಾರದು. ಅದನ್ನು ಹುಡುಕುವ ಕ್ರಮವನ್ನು ನಾನು ಕಲಿತದ್ದು ಇಂಥ ಕೋಣೆಗಳಲ್ಲೇ. ಆ ಸಂಘದ ಕತೆಗೆ ಆಮೇಲೆ ಬರುತ್ತೇನೆ.

ಮುಟ್ಟುವ ಮೊದಲು

ಕೆಂಪೋ ಹಳದಿಯೋ ದೀಪ ಕಂಡ ಕೂಡಲೇ ಸ್ವಿಚ್ಚು ಆಫ್ ಮಾಡಿ ಆನ್ ಮಾಡುವುದು ಎಲ್ಲರಿಗೂ ರೂಢಿ. ಬೇಡ. ಮೊದಲು ಪರದೆಯ ಮೇಲಿನ ದೋಷಸಂಖ್ಯೆ, ದಿನಾಂಕ, ಗಂಟೆ, ಟೇಪಿನ ಬಾರ್‌ಕೋಡ್, ಅದು ಯಾವ ಸ್ಲಾಟಿನಿಂದ ಯಾವ ಡ್ರೈವಿಗೆ ಹೋಗಿತ್ತು, ಈ ಐದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಲೈಬ್ರರಿಯ ವೆಬ್ ಪುಟದಿಂದ ಲಾಗ್ ಇಳಿಸಿಕೊಳ್ಳಿ. ಆ ಪುಸ್ತಕ ಲೈಬ್ರರಿಯ ಪಕ್ಕದಲ್ಲೇ ನೇತಾಡುತ್ತಿರಲಿ. ನಾಲ್ಕು ಸಲ ಬರೆದ ಮೇಲೆ ದೋಷಕ್ಕೊಂದು ಚಹರೆ ಬರುತ್ತದೆ, ಒಂದೇ ಸಲದ್ದರಲ್ಲಿ ಅದು ಕಾಣುವುದಿಲ್ಲ.

ಇನ್ನೊಂದು ಎಚ್ಚರಿಕೆ. ಡ್ರೈವ್ ತನ್ನ ಕಷ್ಟವನ್ನು ಟೇಪ್‌ಅಲರ್ಟ್ ಎಂಬ 64 ಸೂಚನೆಗಳ ಮೂಲಕ ಹೇಳಿಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ಟೇಪ್‌ಇನ್ಫೋ ಆದೇಶ ಕೊಟ್ಟರೆ ಇವು ಕಾಣುತ್ತವೆ. ಆದರೆ ಸಾಮಾನ್ಯವಾಗಿ ಒಮ್ಮೆ ಓದಿದೊಡನೆ ಅವು ಅಳಿಸಿಹೋಗುತ್ತವೆ. ಬ್ಯಾಕಪ್ ತಂತ್ರಾಂಶ ಮೊದಲೇ ಓದಿಬಿಟ್ಟಿದ್ದರೆ ನಿಮ್ಮ ಆದೇಶಕ್ಕೆ ಖಾಲಿ ಉತ್ತರ ಬರುತ್ತದೆ. ಅದನ್ನು ನೋಡಿ 'ಡ್ರೈವ್ ಆರಾಮಾಗಿದೆ' ಎಂದುಕೊಳ್ಳಬೇಡಿ. ತಂತ್ರಾಂಶದ ಲಾಗಿನಲ್ಲಿ ಹುಡುಕಿ.

ಅಷ್ಟೂ ಸೂಚನೆಗಳನ್ನು ಬಾಯಿಪಾಠ ಮಾಡಬೇಕಿಲ್ಲ. 3 ಎಂದರೆ ಸರಿಪಡಿಸಲಾಗದ ಓದು-ಬರಹದ ದೋಷ. 4 ಎಂದರೆ ಟೇಪಿನ ಮೇಲೆ ಅನುಮಾನ. 5 ಓದಲಾಗಲಿಲ್ಲ, 6 ಬರೆಯಲಾಗಲಿಲ್ಲ, 7 ಟೇಪಿನ ಆಯಸ್ಸು ಮುಗಿಯಿತು. 9 ಬಂದರೆ ಕಾರ್ಟ್ರಿಜ್‌ನ (ಟೇಪು ಸುತ್ತಿಟ್ಟ ಪ್ಲಾಸ್ಟಿಕ್ ಕವಚದ) ಬರಹ ತಡೆಯುವ ಚಿಕ್ಕ ಜಾರುಪಟ್ಟಿ ಸರಿದಿದೆ, ಅಷ್ಟೆ. 20 ಎಂದರೆ 'ಈಗಲೇ ಶುಚಿ ಮಾಡಿ', 22 ಎಂದರೆ ಶುಚಿ ಮಾಡುವ ಕಾರ್ಟ್ರಿಜ್ ಮುಗಿದಿದೆ. 30, 31 ಬಂದರೆ ಡ್ರೈವಿನೊಳಗಿನ ಯಂತ್ರಾಂಶದ ತೊಂದರೆ, ಅದು ಸರ್ವಿಸ್‌ನವರ ಕೆಲಸ.

ಕೈ ಸರಿಯಿದೆಯೇ

ಲೈಬ್ರರಿಯೊಳಗೆ ಮೂರು ಜನ ದುಡಿಯುತ್ತಾರೆ ಎಂದುಕೊಳ್ಳಿ. ಸ್ಲಾಟಿನಿಂದ ಟೇಪು ಎತ್ತಿಕೊಡುವ ರೋಬೋ ಕೈ, ಓದಿ ಬರೆಯುವ ಡ್ರೈವ್, ಮತ್ತು ಟೇಪು. ಹೊರಗಿನಿಂದ ಇವರನ್ನು ಮಾತಾಡಿಸುವವನು ಸರ್ವರ್. ದೂರು ಯಾರ ಮೇಲೆ ಎಂಬುದು ಮೊದಲ ಪ್ರಶ್ನೆ.

ಕೈಯ ದೋಷ ಗುರುತಿಸುವುದು ಸುಲಭ, ಏಕೆಂದರೆ ಅದು ಬರೆಯುವ ಮೊದಲೇ ನಿಲ್ಲುತ್ತದೆ. 'ಟೇಪು ಸಿಗಲಿಲ್ಲ', 'ಸ್ಥಾನಕ್ಕೆ ಹೋಗಲಾಗಲಿಲ್ಲ' ಎಂಬಂಥ ಸಂದೇಶ ಬರುತ್ತದೆ. ಲೈಬ್ರರಿಯನ್ನು ಇತ್ತೀಚೆಗೆ ಒಂದು ಕಡೆಯಿಂದ ಇನ್ನೊಂದು ಕಡೆ ಸಾಗಿಸಿದ್ದರೆ, ಪ್ರಯಾಣದಲ್ಲಿ ಕೈ ಅಲುಗಾಡದಂತೆ ಹಾಕಿದ ಬೀಗವನ್ನು ತೆಗೆದಿದ್ದೀರಾ ನೋಡಿ. ಶಿವಮೊಗ್ಗದಿಂದ ಸಾಗರಕ್ಕೆ ಹೋದ ಒಂದು ಲೈಬ್ರರಿ ಈ ಒಂದು ತುಂಡಿನಿಂದಾಗಿ ಎರಡು ದಿನ ಸುಮ್ಮನೆ ಕೂತಿತ್ತು.

ನಮ್ಮ ಕಡೆ ಇದಕ್ಕಿಂತ ಹೆಚ್ಚು ಕಾಡುವುದು ಲೇಬಲ್ಲು. ಸಾಧಾರಣ ಕಾಗದದ ಮೇಲೆ ಪ್ರಿಂಟ್ ತೆಗೆದು ಅಂಟಿಸಿದ ಬಾರ್‌ಕೋಡು ಆಷಾಢದ ಥಂಡಿಗೆ ಅಂಚು ಬಿಟ್ಟು ಸುರುಳಿಯಾಗುತ್ತದೆ. ಸುರುಳಿಯಾದ ಲೇಬಲ್ ಲೈಬ್ರರಿಯ ಬಾರ್‌ಕೋಡ್ ಓದುವ ಕಣ್ಣಿಗೆ ಕಾಣುವುದಿಲ್ಲ, ಕೆಲವೊಮ್ಮೆ ಸ್ಲಾಟಿನ ಬಾಯಿಗೇ ಸಿಕ್ಕಿಕೊಳ್ಳುತ್ತದೆ. ಎಲ್‌ಟಿಒ ಲೇಬಲ್ಲಿನಲ್ಲಿ ಸಾಮಾನ್ಯವಾಗಿ ಎಂಟು ಅಕ್ಷರ. ಕೊನೆಯ ಎರಡು ಟೇಪಿನ ಪೀಳಿಗೆ ಹೇಳುತ್ತವೆ, 'ಎಲ್6', 'ಎಲ್7' ಎಂದು. ಎಲ್6 ಲೇಬಲ್ಲನ್ನು ಎಲ್‌ಟಿಒ-7 ಟೇಪಿಗೆ ಅಂಟಿಸಿದರೆ ಲೈಬ್ರರಿ ಅದನ್ನು ಬೇರೆಯೇ ಎಂದು ತಿಳಿದು ಗೊಂದಲಕ್ಕೆ ಬೀಳುತ್ತದೆ. ಶುಚಿ ಮಾಡುವ ಕಾರ್ಟ್ರಿಜ್ 'ಸಿಎಲ್‌ಎನ್' ಎಂಬ ಅಕ್ಷರಗಳಿಂದ ಶುರುವಾಗಬೇಕು. ಒಳ್ಳೆಯ ಲೇಬಲ್ ಕೊಂಡುಕೊಳ್ಳಿ, ಇದರಲ್ಲಿ ಉಳಿತಾಯ ಮಾಡಲು ಹೋಗಬೇಡಿ. ಸರಿಪಡಿಸಿದ ಮೇಲೆ ಲೈಬ್ರರಿಗೆ ಮತ್ತೊಮ್ಮೆ ಇನ್ವೆಂಟರಿ (ಯಾವ ಸ್ಲಾಟಿನಲ್ಲಿ ಯಾವ ಟೇಪು ಎಂಬ ಎಣಿಕೆ) ಮಾಡಿಸಿ, ಆಮೇಲೆ ಎಂಟಿಎಕ್ಸ್ ಆದೇಶದಿಂದ ಪಟ್ಟಿ ತೆಗೆದು ಕಣ್ಣಾರೆ ತಾಳೆ ನೋಡಿ.

ರೋಬೋನೇ ಕಾಣೆಯಾದರೆ

ಸರ್ವರಿಗೆ ಲೈಬ್ರರಿಯೇ ಕಾಣುತ್ತಿಲ್ಲ ಎಂಬ ದೂರು ಬಂದಾಗ ಜನ ರೋಬೋ ಕೆಟ್ಟಿತು ಎಂದು ಹೆದರುತ್ತಾರೆ. ಚಿಕ್ಕ ಲೈಬ್ರರಿಗಳಲ್ಲಿ ರೋಬೋವಿಗೆ ಪ್ರತ್ಯೇಕ ತಂತಿ ಇರುವುದಿಲ್ಲ. ಒಂದನೇ ಡ್ರೈವಿನ ತಂತಿಯಲ್ಲೇ, ಆ ಡ್ರೈವಿನ ಎರಡನೇ ವಿಳಾಸವಾಗಿ ಅದು ಸರ್ವರಿಗೆ ಕಾಣಿಸಿಕೊಳ್ಳುತ್ತದೆ. ಆ ಡ್ರೈವ್ ಆಫ್ ಆಗಿದ್ದರೆ ಅಥವಾ ಅದರ ಕೇಬಲ್ ಸಡಿಲವಾಗಿದ್ದರೆ ರೋಬೋವೂ ಮಾಯ. ಆದ್ದರಿಂದ ಮೊದಲು ಎಲ್‌ಎಸ್‌ಸ್ಕಸಿ ಆದೇಶ ಕೊಟ್ಟು, ಸರ್ವರಿಗೆ ಕಾಣುವ ಸಾಧನಗಳ ಪಟ್ಟಿಯಲ್ಲಿ ಒಂದನೇ ಡ್ರೈವ್ ಇದೆಯೇ ನೋಡಿ. ಡ್ರೈವೂ ಇಲ್ಲ, ರೋಬೋವೂ ಇಲ್ಲ ಎಂದರೆ ಕೇಬಲ್ ಹಿಡಿಯಿರಿ. ಡ್ರೈವ್ ಇದ್ದು ರೋಬೋ ಮಾತ್ರ ಇಲ್ಲವೆಂದರೆ ಸರ್ವರಿನ ಕಾರ್ಡು ಎರಡನೇ ವಿಳಾಸವನ್ನು ನೋಡುತ್ತಿಲ್ಲ, ಅಥವಾ ಲೈಬ್ರರಿಯ ವ್ಯವಸ್ಥೆಯಲ್ಲಿ ನಿಯಂತ್ರಣವನ್ನು ಬೇರೆ ಡ್ರೈವಿಗೆ ಕೊಟ್ಟಿದೆ.

ಸರ್ವರ್ ಮರುಪ್ರಾರಂಭವಾದಾಗ ಎರಡು ಡ್ರೈವಿನ ಸಂಖ್ಯೆ ಅದಲು ಬದಲಾಗುವುದೂ ಉಂಟು. ಸೊನ್ನೆಯಾಗಿದ್ದದ್ದು ಒಂದಾಗುತ್ತದೆ. ಬ್ಯಾಕಪ್ ತಂತ್ರಾಂಶ ಒಂದರಲ್ಲಿ ಟೇಪು ಹಾಕಿ ಇನ್ನೊಂದರಲ್ಲಿ ಬರೆಯಲು ಕಾಯುತ್ತಾ ಕೂರುತ್ತದೆ. ಡ್ರೈವಿನ ಸೀರಿಯಲ್ ಸಂಖ್ಯೆಯ ಮೇಲೆ ನಿಂತ ಹೆಸರನ್ನೇ ಬಳಸಿದರೆ ಈ ಕಾಟವಿಲ್ಲ.

ಹೆಸರಿನ ಮಾತು ಬಂತಲ್ಲ, ಇದನ್ನು ದಪ್ಪಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ಲಿನಕ್ಸ್‌ನಲ್ಲಿ ಒಂದೇ ಡ್ರೈವಿಗೆ ಎರಡು ಬಾಗಿಲು: ಎಸ್‌ಟಿ0 ಮತ್ತು ಎನ್‌ಎಸ್‌ಟಿ0. ಮೊದಲನೆಯದು ಕೆಲಸ ಮುಗಿದ ಕೂಡಲೇ ಟೇಪನ್ನು ಮತ್ತೆ ಶುರುವಿಗೆ ಸುತ್ತಿಬಿಡುತ್ತದೆ, ಎರಡನೆಯದು ಇದ್ದಲ್ಲೇ ಬಿಡುತ್ತದೆ. ಸ್ವಂತ ಸ್ಕ್ರಿಪ್ಟ್ ಬರೆಯುವವರು ಎಸ್‌ಟಿ0 ಹಾಕಿದರೆ ಸೋಮವಾರದ ಬ್ಯಾಕಪ್ಪಿನ ಮೇಲೆ ಮಂಗಳವಾರದ್ದು, ಅದರ ಮೇಲೆ ಬುಧವಾರದ್ದು. ಟೇಪು ಸಾಲಾಗಿ ಬರೆಯುವ ಮಾಧ್ಯಮ. ಶುರುವಿನಲ್ಲಿ ಹೊಸದಾಗಿ ಬರೆದರೆ ದತ್ತಾಂಶದ ಕೊನೆಯ ಗುರುತು ಅಲ್ಲಿಗೇ ಬಂದು ನಿಲ್ಲುತ್ತದೆ. ಅದರಾಚೆ ಹಳೆಯದು ಭೌತಿಕವಾಗಿ ಇದ್ದರೂ ಡ್ರೈವ್ ಅಲ್ಲಿಗೆ ಹೋಗಲು ಒಪ್ಪುವುದಿಲ್ಲ. ಎಲ್ಲೂ ದೋಷದ ದೀಪ ಹತ್ತುವುದಿಲ್ಲ, ಎಲ್ಲ ದಿನವೂ 'ಯಶಸ್ವಿ' ಎಂದೇ ಬರುತ್ತದೆ. ವಾಪಸು ತೆಗೆಯಲು ಹೋದ ದಿನ ಗೊತ್ತಾಗುತ್ತದೆ. ನಾನು ಕಂಡ ನಷ್ಟಗಳಲ್ಲಿ ಅತ್ಯಂತ ನೋವಿನದು ಇದೇ.

ಟೇಪೋ ಡ್ರೈವೋ

ಬರೆಯುವಾಗ ದೋಷ ಬಂತು ಎಂದಾಗ ಟೇಪನ್ನು ತೆಗೆದು ಬಿಸಾಡಬೇಡಿ. ಅದಲು ಬದಲು ಮಾಡಿ ನೋಡಿ. ಪರೀಕ್ಷೆಗೆಂದೇ ಒಂದು ಖಾಲಿ ಟೇಪು ಇಟ್ಟುಕೊಂಡಿರಿ. ಅನುಮಾನದ ಟೇಪನ್ನು ಎರಡನೇ ಡ್ರೈವಿಗೆ ಹಾಕಿ, ಅದರಲ್ಲಿ ಬೇಕಾದ ದತ್ತಾಂಶವಿದ್ದರೆ ಓದಿ ಮಾತ್ರ ನೋಡಿ, ಬರೆಯಬೇಡಿ. ಪರೀಕ್ಷೆಯ ಟೇಪನ್ನು ಅನುಮಾನದ ಡ್ರೈವಿಗೆ ಹಾಕಿ ಒಂದು 50 ಜಿಬಿ ಬರೆದು ವಾಪಸು ಓದಿ. ದೋಷ ಟೇಪಿನ ಹಿಂದೆ ಹೋದರೆ ಟೇಪಿನದು. ಡ್ರೈವಿನಲ್ಲೇ ಉಳಿದರೆ ಡ್ರೈವಿನದು. ಒಂದೇ ಸ್ಲಾಟಿನಿಂದ ಬಂದಾಗ ಮಾತ್ರ ಕಾಣಿಸಿದರೆ ಸ್ಲಾಟನ್ನೂ ಕೈಯನ್ನೂ ನೋಡಿ.

ಟೇಪಿನದೇ ಎಂದಾದರೆ ಕಾರ್ಟ್ರಿಜ್‌ನ ಮೂಲೆಯ ಪುಟ್ಟ ಬಾಗಿಲು ಸರಿಸಿ ಲೀಡರ್ ಪಿನ್ ತನ್ನ ಜಾಗದಲ್ಲಿದೆಯೇ ನೋಡಿ. ಡ್ರೈವ್ ಟೇಪನ್ನು ಎಳೆದುಕೊಳ್ಳುವುದು ಈ ಪಿನ್ ಹಿಡಿದೇ. ನೆಲಕ್ಕೆ ಬಿದ್ದ ಕಾರ್ಟ್ರಿಜ್‌ನಲ್ಲಿ ಅದು ಜರುಗಿರುತ್ತದೆ. ಅಂಥದ್ದನ್ನು ಡ್ರೈವಿಗೆ ಹಾಕಿದರೆ ಡ್ರೈವೂ ಕೆಡುತ್ತದೆ. ಪೀಳಿಗೆಯ ಲೆಕ್ಕವೂ ನೆನಪಿರಲಿ: ಎಲ್‌ಟಿಒ-7 ಡ್ರೈವ್ ಎಲ್‌ಟಿಒ-6 ಟೇಪನ್ನು ಓದಿ ಬರೆಯುತ್ತದೆ, ಎಲ್‌ಟಿಒ-5 ಅನ್ನು ಓದುತ್ತದೆ ಮಾತ್ರ. ಆದರೆ ಎಲ್‌ಟಿಒ-8 ಡ್ರೈವಿಗೆ ಎಲ್‌ಟಿಒ-6 ಓದಲೂ ಬರುವುದಿಲ್ಲ. ಡ್ರೈವ್ ಹೊಸದಾಯಿತೆಂದು ಹಳೆಯ ಟೇಪುಗಳೆಲ್ಲ 'ಹಾಳಾದವು' ಎಂದು ಕರೆದವರಿದ್ದಾರೆ.

ಡ್ರೈವಿನದೆಂದಾದರೆ ಒಮ್ಮೆ ಶುಚಿ ಮಾಡಿಸಿ. ಒಂದೇ ಸಲ. ಶುಚಿ ಮಾಡುವ ಟೇಪು ಉಜ್ಜುವ ಟೇಪು. ಪದೇ ಪದೇ ಓಡಿಸಿದರೆ ಡ್ರೈವಿನ ಓದಿ ಬರೆಯುವ ತಲೆ ಸವೆಯುತ್ತದೆ. ಡ್ರೈವ್ ಕೇಳಿದಾಗ ಮಾತ್ರ ಕೊಡಬೇಕು. ಈ ಕಾರ್ಟ್ರಿಜ್ ಸಾಮಾನ್ಯವಾಗಿ 50 ಸಲಕ್ಕೆ ಮುಗಿಯುತ್ತದೆ, ಎಷ್ಟು ಸಲವಾಯಿತೆಂಬ ಲೆಕ್ಕ ಅದರೊಳಗಿನ ಚಿಪ್ಪಿನಲ್ಲೇ ಇರುತ್ತದೆ.

ನಿಧಾನದ ದೂರು ಬೇರೆಯ ಜಾತಿ. ಎಲ್‌ಟಿಒ-7 ಸೆಕೆಂಡಿಗೆ 300 ಎಂಬಿ ಬರೆಯಬಲ್ಲದು, ಕೆಳಗೆ ಸುಮಾರು 100ರವರೆಗೆ ವೇಗ ತಗ್ಗಿಸಿಕೊಳ್ಳುತ್ತದೆ. ಅದಕ್ಕಿಂತ ನಿಧಾನವಾಗಿ ದತ್ತಾಂಶ ಬಂದರೆ ಡ್ರೈವ್ ನಿಲ್ಲಬೇಕು, ಸ್ವಲ್ಪ ಹಿಂದಕ್ಕೆ ಸುತ್ತಬೇಕು, ಮತ್ತೆ ಓಟ ಹಿಡಿಯಬೇಕು. ಕಿವಿಗೊಟ್ಟರೆ ಕೇಳುತ್ತದೆ, ಒಂದೇ ಸಮನೆಯ ಹರಿವಿನ ಸದ್ದಿನ ಬದಲು ಎಳೆದು ಬಿಟ್ಟು ಎಳೆದು ಬಿಟ್ಟು ಮಾಡುವ ಸದ್ದು. ಟೇಪೂ ತಲೆಯೂ ಸವೆಯುವುದು ಇದರಿಂದ. ಸಾವಿರಾರು ಚಿಕ್ಕ ಕಡತಗಳನ್ನು ಒಂದು ಗಿಗಾಬಿಟ್ ನೆಟ್‌ವರ್ಕಿನ ಮೇಲೆ ನೇರ ಟೇಪಿಗೆ ಕಳಿಸುವವರಿಗೆ ಇದು ತಪ್ಪಿದ್ದಲ್ಲ. ಮೊದಲು ಡಿಸ್ಕಿಗೆ ಇಳಿಸಿ, ಅಲ್ಲಿಂದ ಟೇಪಿಗೆ ಕಳಿಸಿ.

ಯಾವುದರ ಹಿಂದೆಯೂ ಹೋಗದ ದೋಷ

ಈಗ ಸಂಘದ ಕತೆ. ಅಲ್ಲಿ ಅದಲು ಬದಲು ಮಾಡಿ ನೋಡಿದೆ. ಆ ಸೋಮವಾರ ದೂರು ಬಂದ ಎರಡು ಟೇಪೂ ಬುಧವಾರ ಎರಡೂ ಡ್ರೈವಿನಲ್ಲಿ ಚೆನ್ನಾಗಿ ಓಡಿದವು. ದೋಷ ಟೇಪಿನ ಹಿಂದೆ ಹೋಗಲಿಲ್ಲ, ಡ್ರೈವಿನ ಹಿಂದೆ ಹೋಗಲಿಲ್ಲ, ಸ್ಲಾಟಿನ ಹಿಂದೆಯೂ ಹೋಗಲಿಲ್ಲ. ಆಗ ಉಳಿದದ್ದು ನೋಟ್‌ಬುಕ್ಕಿನ ಒಂದೇ ಕಂಬಸಾಲು: ಗಂಟೆ. ನಾಲ್ಕು ವಾರದ ದೋಷಗಳನ್ನೆಲ್ಲ ಒಂದರ ಕೆಳಗೊಂದು ಬರೆದು ನೋಡಿದೆ. ಒಂದೂ ವಾರದ ನಡುವಿನದಲ್ಲ. ಎಲ್ಲವೂ ಶನಿವಾರ ಮಧ್ಯರಾತ್ರಿ ದಾಟಿದ ಮೇಲಿನಿಂದ ಭಾನುವಾರ ರಾತ್ರಿಯೊಳಗಿನವು. ಶುಚಿ ಮಾಡಿ ಎಂಬ ಕೋರಿಕೆಗಳೂ ಅದೇ ಹೊತ್ತಿನವು.

ಅಟೆಂಡರ್ ಹುಡುಗನನ್ನು ಕೇಳಿದೆ, ಶನಿವಾರ ಹೊರಡುವಾಗ ಏನೇನು ಮಾಡ್ತೀಯಪ್ಪ ಎಂದು.

"ಎಂತ ಇಲ್ಲ ಸಾರ್. ಬಾಗಿಲು ಹಾಕದು, ಸ್ವಿಚ್ಚೆಲ್ಲ ಆಫ್ ಮಾಡದು. ಭಾನುವಾರ ಯಾರೂ ಇರಲ್ವಲ್ಲ. ಮಿಷಿನ್ನಿಂದು ಮುಟ್ಟಲ್ಲ ಸಾರ್, ಅದು ಯುಪಿಎಸ್‌ನಲ್ಲಿದೆ."

"ಎಸಿ?"

"ಅದು ಆಫ್ ಮಾಡ್ತೀನಿ ಸಾರ್. ಬಿಲ್ಲು ಜಾಸ್ತಿ ಬರ್ತದೆ ಅಂತ ಸೆಕ್ರೆಟರಿಯವರು ಹೇಳಿದಾರೆ."

ಅವನ ತಪ್ಪೇನೂ ಇಲ್ಲ, ಅವನಿಗೆ ಯಾರೂ ಹೇಳಿರಲಿಲ್ಲ. ಪೂರ್ಣ ಬ್ಯಾಕಪ್ಪು ಶುರುವಾಗುವುದು ಶನಿವಾರ ರಾತ್ರಿ. ಹೊರಗೆ ಪುನರ್ವಸು ಮಳೆ ಹಗಲು ರಾತ್ರಿ ಬಿಡದೆ ಹೊಡೆಯುತ್ತಿದೆ. ಕೋಣೆಯ ಮೇಲ್ಗಡೆ ಗಾಳಿಯಾಡಲೆಂದು ಬಿಟ್ಟ ವೆಂಟಿಲೇಟರ್ ತೆರೆದೇ ಇದೆ. ಮರುವಾರ ಒಂದು ಆರ್ದ್ರತೆಯ ಮೀಟರನ್ನು ಲೈಬ್ರರಿಯ ಮೇಲಿಟ್ಟು ಬಂದೆ. ಭಾನುವಾರ ಅದು ಶೇ. 88 ಮುಟ್ಟಿತ್ತು. ಡ್ರೈವುಗಳಿಗೆ ಸಾಮಾನ್ಯವಾಗಿ ಹೇಳಿರುವ ಮಿತಿ ಶೇ. 20ರಿಂದ 80, ಅದೂ ಎಲ್ಲೂ ಹನಿಗಟ್ಟದ ಹಾಗೆ.

ತೇವ ಟೇಪಿಗೆ ಏನು ಮಾಡುತ್ತದೆ? ಎಲ್‌ಟಿಒ-7 ಟೇಪು ಅರ್ಧ ಇಂಚು ಅಗಲ, 960 ಮೀಟರ್ ಉದ್ದ, ದಪ್ಪ ಒಂದು ಮಿಲಿಮೀಟರಿನ ನೂರರಲ್ಲೊಂದು ಭಾಗವೂ ಇಲ್ಲ. ಗದ್ದೆಯಲ್ಲಿ ನೇಗಿಲು ಈ ಬದುವಿನಿಂದ ಆ ಬದುವಿಗೆ ಹೋಗಿ ತಿರುಗಿ ಬರುವ ಹಾಗೆ ಡ್ರೈವಿನ ತಲೆ ಒಂದು ಸಲಕ್ಕೆ 32 ಗೆರೆ ಬರೆಯುತ್ತಾ 112 ಸಲ ಉದ್ದಕ್ಕೂ ಓಡುತ್ತದೆ. ಅರ್ಧ ಇಂಚಿನೊಳಗೆ 3,584 ಗೆರೆ. ಟೇಪಿನ ಪ್ಲಾಸ್ಟಿಕ್ಕು ತೇವ ಕುಡಿದರೆ ಕೂದಲೆಳೆಗಿಂತ ಕಡಿಮೆ ಹಿಗ್ಗುತ್ತದೆ, ಆದರೆ ಅಷ್ಟು ಸಣ್ಣ ಗೆರೆಗೆ ಅದೂ ದೊಡ್ಡದೇ. ಜೊತೆಗೆ ಟೇಪಿಗೂ ತಲೆಗೂ ನಡುವಿನ ತಿಕ್ಕಾಟ ಹೆಚ್ಚುತ್ತದೆ, ಸವೆದ ಪುಡಿ ತಲೆಗೆ ಅಂಟಿ ಕೂರುತ್ತದೆ. ಡ್ರೈವ್ ತಪ್ಪು ತಿದ್ದಿಕೊಳ್ಳುತ್ತಾ ಹೋಗಿ, ತಿದ್ದಲಾಗದಾಗ ಟೇಪಿನ ಮೇಲೆ ದೂರು ಹೇಳುತ್ತದೆ. ಸೋಮವಾರ ಎಸಿ ಹಾಕಿದ ಮೇಲೆ ಎಲ್ಲ ಸರಿ.

ಎಸಿಯ ಸ್ವಿಚ್ಚಿಗೆ ಪ್ರತ್ಯೇಕ ಡಬ್ಬಿ ಮಾಡಿಸಿ, ಮೇಲೆ ಕನ್ನಡದಲ್ಲಿ ದೊಡ್ಡದಾಗಿ 'ಭಾನುವಾರವೂ ಆಫ್ ಮಾಡಬೇಡಿ' ಎಂದು ಬರೆಸಿದೆವು. ವೆಂಟಿಲೇಟರ್ ಮುಚ್ಚಿಸಿದೆವು. ಎರಡು ವಾರ ದೋಷ ಕಡಿಮೆಯಾಯಿತು, ನಿಲ್ಲಲಿಲ್ಲ.

ಇಲ್ಲಿ ನಾನು ಒಂದು ದಿನ ಪೂರಾ ಕೂತು ನೋಡಬೇಕಾಯಿತು. ಬಿಲ್ಲಿನ ಚಿಂತೆಯಿಂದ ಎಸಿಯನ್ನು 24ಕ್ಕೆ ಇಟ್ಟಿದ್ದರು. ಬಯಲುಸೀಮೆಯಲ್ಲಿ ಅದು ಒಳ್ಳೆಯ ಸಂಖ್ಯೆ. ಆದರೆ ಆಷಾಢದ ಮಲೆನಾಡಿನಲ್ಲಿ ಹೊರಗೇ 22 ಡಿಗ್ರಿ. ಎರಡೇ ಸರ್ವರಿರುವ ಕೋಣೆ 24 ದಾಟುವುದೇ ಅಪರೂಪ. ಕೋಣೆ ತಂಪಾಗಿಯೇ ಇದೆ ಎಂದು ಎಸಿಯ ಕಂಪ್ರೆಸರ್ ಓಡುವುದಿಲ್ಲ, ಫ್ಯಾನ್ ಮಾತ್ರ ಥಂಡಿ ಗಾಳಿಯನ್ನು ಸುತ್ತಿಸುತ್ತಿರುತ್ತದೆ. ಕಂಪ್ರೆಸರ್ ಓಡದಿದ್ದರೆ ಗಾಳಿಯ ನೀರು ಇಳಿಯುವುದಿಲ್ಲ. ಹೊರಗಿನ ಎಸಿ ಪೈಪಿನ ತುದಿ ನೋಡಿ: ನೀರು ತೊಟ್ಟಿಕ್ಕುತ್ತಿಲ್ಲವೆಂದರೆ ಕೋಣೆ ಒಣಗುತ್ತಿಲ್ಲ. ಈ ಒಂದು ಪರೀಕ್ಷೆಗೆ ಯಾವ ಮೀಟರೂ ಬೇಡ.

ಕೊನೆಗೆ ತೇವ ಹೀರುವ ಯಂತ್ರವನ್ನೇ ತರಿಸಿದೆವು, ಶೇ. 50ಕ್ಕೆ ಇಟ್ಟು. ಮಳೆಗಾಲದಲ್ಲಿ ಅದರ ನೀರಿನ ಪೈಪನ್ನು ಹೊರಗೆ ಬಿಟ್ಟಿರಬೇಕು, ತೊಟ್ಟಿಯನ್ನೇ ನಂಬಿದರೆ ಭಾನುವಾರ ತುಂಬಿ ತಾನೇ ನಿಂತುಬಿಡುತ್ತದೆ. ಇನ್ನೊಂದು ಅಪಾಯ ಕರೆಂಟು. ಲೈನಿನ ಮೇಲೆ ಮರ ಬಿದ್ದರೆ ನಮ್ಮ ಕಡೆ ಅರ್ಧ ದಿನ ಕತ್ತಲೆ. ಯುಪಿಎಸ್ ಲೈಬ್ರರಿಯನ್ನು ಓಡಿಸುತ್ತದೆ, ಎಸಿಯನ್ನಲ್ಲ. ಆದ್ದರಿಂದ ಕರೆಂಟು ಹೋದರೆ ನಡೆಯುತ್ತಿರುವ ಬ್ಯಾಕಪ್ಪು ಮುಗಿಸಿ, ಹೊಸದು ಶುರು ಮಾಡದ ಹಾಗೆ ತಂತ್ರಾಂಶಕ್ಕೆ ಹೇಳಿಟ್ಟೆವು.

ಬದಿಗಿಟ್ಟಿದ್ದ ಏಳು ಟೇಪು ಪುಣ್ಯಕ್ಕೆ ಗುಜರಿಗೆ ಹೋಗಿರಲಿಲ್ಲ. ಅವುಗಳಲ್ಲಿ ಊರಿನವರ ಸಾಲದ ಲೆಕ್ಕವೆಲ್ಲ ಇತ್ತು. ನಾಶ ಮಾಡದೆ ಟೇಪನ್ನು ಹೊರಗೆ ಕೊಡಲೇಬಾರದು. ಒಣ ಕೋಣೆಯಲ್ಲಿ ಒಂದು ದಿನ ಇಟ್ಟು ಒಂದೊಂದನ್ನೇ ಓದಿಸಿದೆವು. ಆರು ಸರಿಯಾಗಿ ಓದಿದವು. ಏಳನೆಯದರಲ್ಲಿ ಪಿನ್ ಜರುಗಿತ್ತು.

ಹೊರಗೆ ಇಡುವ ಪ್ರತಿ

ಒಂದು ಸೆಟ್ಟು ಟೇಪನ್ನು ಬೇರೆ ಊರಿನ ಶಾಖೆಯಲ್ಲಿ ಇಡುವುದು ಸರಿಯಾದ ಕ್ರಮ. ಆದರೆ 20 ಡಿಗ್ರಿಯ ಕೋಣೆಯಿಂದ ತಣ್ಣಗಿನ ಟೇಪನ್ನು ತೆಗೆದು ಜೀಪಿನಲ್ಲಿ ಆಗುಂಬೆ ಕಡೆಗೆ ಒಯ್ದು, ಅಲ್ಲಿ ಕೂಡಲೇ ಪೆಟ್ಟಿಗೆ ತೆರೆದರೆ ತಣ್ಣಗಿನ ಕನ್ನಡಕದ ಮೇಲೆ ಮಂಜು ಕೂರುವ ಹಾಗೆ ಟೇಪಿನ ಮೇಲೂ ತೇವ ಕೂರುತ್ತದೆ. ಟೇಪನ್ನು ಅದರ ಡಬ್ಬಿಯಲ್ಲಿ, ಡಬ್ಬಿಯನ್ನು ಗಾಳಿಯಾಡದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಚೀಲದ ಜೊತೆ ಇಟ್ಟು ಒಯ್ಯಿರಿ, ಹೊರಗಿನ ಬಿಸಿಗೆ ಅದು ಹೊಂದಿಕೊಂಡ ಮೇಲೆ ತೆರೆಯಿರಿ. ವಾಪಸು ಬಂದ ಟೇಪನ್ನು 24 ಗಂಟೆ ಸರ್ವರ್ ಕೋಣೆಯಲ್ಲೇ ಇಟ್ಟು ಆಮೇಲೆ ಡ್ರೈವಿಗೆ ಹಾಕಿ. ವರ್ಷಗಟ್ಟಲೆ ಇಡುವುದಾದರೆ 16ರಿಂದ 25 ಡಿಗ್ರಿ, ಆರ್ದ್ರತೆ ಶೇ. 20ರಿಂದ 50 ಇರಬೇಕು. ಅಡಿಕೆಯೇ ಬೂಷ್ಟು ಹಿಡಿಯುವ ಜಾಗದಲ್ಲಿ ಟೇಪು ಇಡುವ ಮಾತೇ ಇಲ್ಲ.

ಸರ್ವಿಸ್‌ನವರನ್ನು ಕರೆಯುವಾಗ

ಇಂಜಿನಿಯರ್ ಬರಬೇಕಾದ್ದು ಬೆಂಗಳೂರಿನಿಂದ. ಶಿವಮೊಗ್ಗಕ್ಕೇ ಮುನ್ನೂರು ಕಿಲೋಮೀಟರ್, ಅಲ್ಲಿಂದ ಮೇಲೆ ಘಟ್ಟದ ದಾರಿ. ಒಮ್ಮೆ ತಪ್ಪು ಭಾಗ ಹಿಡಿದು ಬಂದರೆ ಇನ್ನೊಂದು ವಾರ ಹೋಯಿತು. ಆದ್ದರಿಂದ ಫೋನು ಮಾಡುವ ಮೊದಲು ಲಾಗ್ ಕಡತ, ಅದಲು ಬದಲು ಪರೀಕ್ಷೆಯ ಫಲಿತಾಂಶ, ಟೇಪ್‌ಅಲರ್ಟ್ ಸಂಖ್ಯೆ, ಡ್ರೈವಿನ ಫರ್ಮ್‌ವೇರ್ (ಒಳಗಿನ ತಂತ್ರಾಂಶದ) ಆವೃತ್ತಿ, ಸೀರಿಯಲ್ ಸಂಖ್ಯೆ ಕಳಿಸಿಕೊಡಿ. ಜೊತೆಗೆ ಆ ಹೊತ್ತಿನ ಆರ್ದ್ರತೆಯ ಅಂಕಿಯನ್ನೂ ಬರೆಯಿರಿ, ಅವರು ಕೇಳದಿದ್ದರೂ. ಡ್ರೈವ್ ಬದಲಿಸುತ್ತೇವೆ ಎಂದು ಅವರೇ ಹೇಳಿದರೂ, ಹಳೆಯದನ್ನು ಬಿಚ್ಚುವ ಮೊದಲು ಒಂದು ಹಳೆಯ ಟೇಪಿನಿಂದ ಹತ್ತು ಕಡತಗಳನ್ನು ವಾಪಸು ತೆಗೆದು ತೆರೆದು ನೋಡಿ, ಹೊಸ ಡ್ರೈವ್ ಕೂತ ಮೇಲೆ ಅದೇ ಹತ್ತನ್ನು ಮತ್ತೆ ತೆಗೆಯಿರಿ. ಎರಡೂ ಸಲ ಕಡತಗಳು ತಾಳೆಯಾದ ಮೇಲೆಯೇ ಕೆಲಸ ಮುಗಿಯಿತೆಂದು ಸಹಿ ಹಾಕಿ.